ಓದುಗರ ಪ್ರಶ್ನೆ, ನಮ್ಮ ಉತ್ತರ: ಭೂಗೋಳ ಶಿಕ್ಷಕರ ಬೇಸಿಗೆ ಕ್ಷೇತ್ರ ಶಿಬಿರ

ಬೇಸಿಗೆ ರಜೆಯಲ್ಲಿ ಶಾಲಾ ಶಿಕ್ಷಕರಿಗಾಗಿ ನಡೆಯುವ ಭೂಗೋಳದ ಕ್ಷೇತ್ರ ಅಧ್ಯಯನ ಶಿಬಿರಗಳ ಬಗ್ಗೆ ಹಲವು ಓದುಗರು ಪತ್ರ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ.

ಪ್ರಶ್ನೆ: ಹತ್ತು ದಿನಗಳ ಒಂದು ಕ್ಷೇತ್ರ ಶಿಬಿರಕ್ಕೆ ಸೇರಬೇಕೆಂದಿದ್ದೇನೆ. ನಾನು ಈಗಾಗಲೇ ಸಾಕಷ್ಟು ಪ್ರವಾಸ ಮಾಡಿದವಳು. ಪರ್ವತ, ಕರಾವಳಿ, ಮರುಭೂಮಿ ಎಲ್ಲವನ್ನೂ ಕಂಡಿದ್ದೇನೆ. ಈ ಶಿಬಿರ ಪ್ರವಾಸಕ್ಕಿಂತ ಹೇಗೆ ಬೇರೆ?

ಉತ್ತರ: ಪ್ರವಾಸದಲ್ಲಿ ಮಾರ್ಗದರ್ಶಿ ಹೇಳಿದ ಮೇಲೆ ನಾವು ನೋಡುತ್ತೇವೆ. ಒಳ್ಳೆಯ ಶಿಬಿರದಲ್ಲಿ ನಾವು ನೋಡಿ, ಅಳೆದು, ಬರೆದು, ನಮ್ಮ ಊಹೆಯನ್ನು ಎಲ್ಲರ ಎದುರು ಹೇಳಿದ ಮೇಲೆ ಮಾರ್ಗದರ್ಶಕರು ಬಾಯಿ ತೆರೆಯುತ್ತಾರೆ. ಕೇಳಲು ಇದು ಸಣ್ಣ ಬದಲಾವಣೆ. ಆದರೆ ಹದಿನೈದು ವರ್ಷ ಪಾಠ ಹೇಳಿ ಅಭ್ಯಾಸವಾದ ಶಿಕ್ಷಕರಿಗೆ, ಉತ್ತರ ಗೊತ್ತಿಲ್ಲದೆ ಒಂದು ಗುಡ್ಡದ ಎದುರು ಅರ್ಧ ಗಂಟೆ ನಿಲ್ಲುವುದು ಎಷ್ಟು ಕಷ್ಟವೆಂಬುದು ಮೊದಲ ದಿನವೇ ತಿಳಿದುಬಿಡುತ್ತದೆ. ನಮ್ಮ ತರಗತಿಯ ಮಕ್ಕಳು ದಿನವೂ ಇರುವುದು ಅದೇ ಸ್ಥಿತಿಯಲ್ಲಿ. ಆ ಸ್ಥಿತಿಗೆ ಕೆಲವು ದಿನಗಳ ಮಟ್ಟಿಗಾದರೂ ಮರಳುವುದೇ ಶಿಬಿರದ ಮುಖ್ಯ ಲಾಭವೆಂದು ನಾನು ಭಾವಿಸುತ್ತೇನೆ; ಹೊಸ ಮಾಹಿತಿ ಆಮೇಲಿನದು.

ಈ ಪದ್ಧತಿಗೆ ಹಳೆಯ ಬೇರುಗಳಿವೆ. ಹಿಮನದಿಗಳ ಅಧ್ಯಯನದಿಂದ ಹೆಸರಾದ ನಿಸರ್ಗ ವಿಜ್ಞಾನಿ ಲೂಯಿ ಅಗಾಸಿಜ್ 1873ರ ಬೇಸಿಗೆಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತೀರದಾಚೆಯ ಪೆನಿಕೀಸ್ ಎಂಬ ಪುಟ್ಟ ದ್ವೀಪದಲ್ಲಿ ಒಂದು ಶಾಲೆ ತೆರೆದರು. ಅಲ್ಲಿ ವಿದ್ಯಾರ್ಥಿಗಳಾಗಿ ಬಂದವರಲ್ಲಿ ಹೆಚ್ಚಿನವರು ಶಿಕ್ಷಕರು ಮತ್ತು ಶಿಕ್ಷಕಿಯರು. ವಿದ್ಯಾರ್ಥಿಯ ಮುಂದೆ ಒಂದು ಮೀನನ್ನಿಟ್ಟು, ಏನನ್ನೂ ಹೇಳದೆ, ನೋಡುತ್ತಲೇ ಇರುವಂತೆ ಬಿಟ್ಟುಬಿಡುವುದು ಅಗಾಸಿಜ್ ಅವರ ಬೋಧನೆಯ ರೀತಿಯಾಗಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಮರುವರ್ಷದ ಬೇಸಿಗೆಯ ನಂತರ ಆ ಶಾಲೆಯೂ ಮುಚ್ಚಿತು. ಆದರೂ ರಜೆಯಲ್ಲಿ ಶಿಕ್ಷಕರನ್ನು ಪುಸ್ತಕದಿಂದ ಬಿಡಿಸಿ ವಸ್ತುವಿನ ಮುಂದೆ ಕೂರಿಸಬೇಕೆಂಬ ವಿಚಾರ ಅಲ್ಲಿಂದ ಮುಂದೆ ಸಾಗಿತು. ನೀವು ಕಂಡ ಪರ್ವತ, ಕರಾವಳಿಗಳು ವ್ಯರ್ಥವಾಗಿಲ್ಲ. ಅವುಗಳಲ್ಲಿ ಒಂದನ್ನಾದರೂ ಪೆನ್ಸಿಲ್ ಹಿಡಿದು ಎರಡು ಗಂಟೆ ನೋಡಿದ್ದೀರಾ ಎಂದು ನೆನಪಿಸಿಕೊಂಡರೆ ನಿಮ್ಮ ಪ್ರಶ್ನೆಗೆ ನೀವೇ ಉತ್ತರಿಸಿಕೊಳ್ಳಬಹುದು.

ಪ್ರಶ್ನೆ: ನಾನು ಓದಿದ್ದು ಇತಿಹಾಸ; ಶಾಲೆಯಲ್ಲಿ ಭೂಗೋಳವನ್ನೂ ಕಲಿಸುತ್ತಿದ್ದೇನೆ. ಶಿಬಿರದಲ್ಲಿ ಕಲ್ಲುಗಳನ್ನು, ಮಣ್ಣುಗಳನ್ನು ಹೆಸರಿಸಲು ಬಾರದೆ ಮುಜುಗರವಾಗುವುದೆಂಬ ಅಳುಕಿದೆ. ಮೊದಲೇ ಏನನ್ನು ಓದಿಕೊಂಡು ಹೋಗಲಿ?

ಉತ್ತರ: ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಹೆಸರು ಗೊತ್ತಿರಬೇಕೆಂಬ ಆತುರದಿಂದಲೇ ನಾನು ನನ್ನ ಮೊದಲ ಶಿಬಿರದಲ್ಲಿ, ಒಂದು ಬಂಡೆಯನ್ನು ಕಂಡ ಕೂಡಲೇ ಟಿಪ್ಪಣಿ ಪುಸ್ತಕದಲ್ಲಿ ‘ಗ್ರಾನೈಟ್’ ಎಂದು ಬರೆದು ಮುಂದೆ ನಡೆದಿದ್ದೆ. ಸಂಜೆ ಮಾರ್ಗದರ್ಶಕರು ಹರಳುಗಳ ಗಾತ್ರವೆಷ್ಟು, ಅವು ಒಂದೇ ದಿಕ್ಕಿನಲ್ಲಿ ಸಾಲಾಗಿದ್ದವೇ, ಬಿರುಕುಗಳು ಯಾವ ಕಡೆ ಹಾದಿದ್ದವು ಎಂದು ಕೇಳಿದಾಗ ನನ್ನ ಬಳಿ ಒಂದೇ ಒಂದು ವಿವರವೂ ಇರಲಿಲ್ಲ. ಆ ಬಂಡೆ ಗ್ರಾನೈಟ್ ಆಗಿರದೆ ನೈಸ್ ಎಂಬ ರೂಪಾಂತರ ಶಿಲೆಯಾಗಿತ್ತು, ಹರಳುಗಳು ಪಟ್ಟೆಪಟ್ಟೆಯಾಗಿ ಸಾಲುಗೊಂಡಿದ್ದವು ಎಂಬುದು ಮರುದಿನ ಹಿಂತಿರುಗಿ ನೋಡಿದಾಗ ತಿಳಿಯಿತು. ಹೆಸರು ಬರೆದುಬಿಟ್ಟಿದ್ದರಿಂದ ನಾನು ನೋಡುವುದನ್ನು ನಿಲ್ಲಿಸಿದ್ದೆ.

ಹೆಸರಿಲ್ಲದೆಯೂ ಭೂಮಿಯನ್ನು ಓದಬಹುದೆಂಬುದಕ್ಕೆ ಭೂವಿಜ್ಞಾನದ ಇತಿಹಾಸದಲ್ಲೇ ದೊಡ್ಡ ಸಾಕ್ಷಿಯಿದೆ. ಇತಿಹಾಸ ಓದಿದ ನಿಮಗೆ ಅದು ಹಿಡಿಸಬಹುದು. ಭೂವಿಜ್ಞಾನಿ ಜೇಮ್ಸ್ ಹಟನ್ 1788ರಲ್ಲಿ ಇಬ್ಬರು ಗೆಳೆಯರೊಂದಿಗೆ ದೋಣಿಯಲ್ಲಿ ಸ್ಕಾಟ್ಲೆಂಡಿನ ಪೂರ್ವ ತೀರದ ಸಿಕ್ಕರ್ ಪಾಯಿಂಟ್ ಎಂಬ ಬಂಡೆಯಂಚಿಗೆ ಹೋದರು. ಅಲ್ಲಿ ಬೂದುಬಣ್ಣದ ಪದರಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿದ್ದವು; ಅವುಗಳ ಕೊರೆದ ತುದಿಗಳ ಮೇಲೆ ಕೆಂಪು ಮರಳುಗಲ್ಲಿನ ಪದರಗಳು ಇಳಿಜಾರಾಗಿ ಮಲಗಿದ್ದವು. ಕೆಳಗಿನ ಪದರಗಳು ಸಮುದ್ರದ ತಳದಲ್ಲಿ ಅಡ್ಡಡ್ಡಲಾಗಿ ಶೇಖರವಾಗಿ, ಗಟ್ಟಿಯಾಗಿ, ಎತ್ತಲ್ಪಟ್ಟು, ಮಡಿಸಿಕೊಂಡು, ಸವೆದು, ಆ ಸವೆದ ಮೈಯ ಮೇಲೆ ಮತ್ತೊಮ್ಮೆ ಮರಳು ಬಿದ್ದು ಕಲ್ಲಾಗಲು ಎಷ್ಟು ಕಾಲ ಬೇಕೆಂಬ ಪ್ರಶ್ನೆಯ ಮುಂದೆ, ಭೂಮಿಗೆ ಕೆಲವೇ ಸಾವಿರ ವರ್ಷ ವಯಸ್ಸೆಂಬ ಅಂದಿನ ಕಾಲಗಣನೆಯೇ ನಿಲ್ಲಲಾರದೆ ಹೋಯಿತು. ಇಂದು ನಾವು ಕೆಳಗಿನದನ್ನು ಸೈಲೂರಿಯನ್, ಮೇಲಿನದನ್ನು ಡೆವೋನಿಯನ್ ಯುಗದ ಶಿಲೆಗಳೆನ್ನುತ್ತೇವೆ. ಆದರೆ ಸೈಲೂರಿಯನ್ ಎಂಬ ಹೆಸರು ಬಳಕೆಗೆ ಬಂದದ್ದು 1835ರಲ್ಲಿ, ಡೆವೋನಿಯನ್ 1839ರಲ್ಲಿ. ಆಗ ಹಟನ್ ತೀರಿಕೊಂಡು ಸುಮಾರು ನಾಲ್ಕು ದಶಕಗಳು ಸಂದಿದ್ದವು. ಯಾವುದು ಯಾವುದರ ಮೇಲಿದೆ, ಯಾವುದು ಯಾವುದನ್ನು ಕತ್ತರಿಸಿದೆ ಎಂಬ ಸಂಬಂಧವನ್ನಷ್ಟೇ ಗಮನಿಸಿ ಅವರು ಅಷ್ಟು ದೂರ ಹೋದರು.

ಆದ್ದರಿಂದ ಶಿಲೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಹೋಗಬೇಡಿ. ಅದರ ಬದಲು ಹೋಗಲಿರುವ ಪ್ರದೇಶದ ಸ್ಥಳಾಕೃತಿ ನಕ್ಷೆಯನ್ನು ಒಂದು ವಾರ ಮುಂಚೆ ತರಿಸಿಕೊಂಡು ಓದಿ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳು ಎಲ್ಲಿ ಒತ್ತೊತ್ತಾಗಿವೆ, ಎಲ್ಲಿ ಬಿಡಿಯಾಗಿವೆ, ಹಳ್ಳವನ್ನು ದಾಟುವಾಗ ಅವು ಯಾವ ಕಡೆಗೆ ಮೊನೆಯಾಗುತ್ತವೆ, ಊರುಗಳು ನದಿಯ ದಡದಲ್ಲೇ ಇವೆಯೋ ಸ್ವಲ್ಪ ಎತ್ತರದಲ್ಲಿವೆಯೋ ಎಂದು ನೋಡಿ. ನಕ್ಷೆಯಿಂದ ಹುಟ್ಟಿದ ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡು ಹೋದರೆ ಅದಕ್ಕಿಂತ ಒಳ್ಳೆಯ ಸಿದ್ಧತೆ ಇಲ್ಲ. ಊರು ಯಾಕೆ ಅಲ್ಲೇ ಹುಟ್ಟಿತು, ದಾರಿ ಯಾಕೆ ಆ ಕಣಿವೆಯಲ್ಲೇ ಹಾಯ್ದಿತು ಎಂಬ ಪ್ರಶ್ನೆಗಳಲ್ಲಿ ಇತಿಹಾಸದ ಶಿಕ್ಷಕರು ಉಳಿದವರಿಗಿಂತ ಮುಂದಿರುವುದನ್ನು ನಾನು ಹಲವು ಶಿಬಿರಗಳಲ್ಲಿ ಕಂಡಿದ್ದೇನೆ.

ಪ್ರಶ್ನೆ: ಶಿಬಿರಗಳ ಪ್ರಕಟಣೆಗಳನ್ನು ನೋಡಿದರೆ ಕೆಲವರು ಎಂಟು ದಿನಗಳಲ್ಲಿ ಇಪ್ಪತ್ತು ಸ್ಥಳಗಳನ್ನು ತೋರಿಸುವುದಾಗಿ ಹೇಳುತ್ತಾರೆ, ಕೆಲವರು ಒಂದೇ ಕಣಿವೆಯಲ್ಲಿ ಉಳಿಯುವುದಾಗಿ ಹೇಳುತ್ತಾರೆ. ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ: ಹಿಂಜರಿಯದೆ ಎರಡನೆಯದನ್ನು ಆರಿಸಿಕೊಳ್ಳಿ. ಇಪ್ಪತ್ತು ಸ್ಥಳಗಳೆಂದರೆ ದಿನದ ಹೆಚ್ಚಿನ ಭಾಗ ಬಸ್ಸಿನಲ್ಲೇ ಕಳೆಯುತ್ತದೆ, ಮತ್ತು ಬಸ್ಸಿನ ಕಿಟಕಿಯಿಂದ ಇಳಿಜಾರನ್ನು ಅಳೆಯಲಾಗದು. ಬ್ರಿಟನ್ನಿನಲ್ಲಿ ಕ್ಷೇತ್ರ ಅಧ್ಯಯನವನ್ನು ಬೆಳೆಸಲೆಂದೇ 1943ರಲ್ಲಿ ಒಂದು ಸಂಸ್ಥೆ ಹುಟ್ಟಿ, 1946ರಲ್ಲಿ ಫ್ಲಾಟ್‌ಫರ್ಡ್ ಮಿಲ್ ಎಂಬಲ್ಲಿ ತನ್ನ ಮೊದಲ ವಸತಿ ಕೇಂದ್ರವನ್ನು ತೆರೆಯಿತು. ಇಂದು ಅದು ಫೀಲ್ಡ್ ಸ್ಟಡೀಸ್ ಕೌನ್ಸಿಲ್ ಎಂದು ಹೆಸರಾಗಿದೆ. ಒಂದೇ ಜಾಗದಲ್ಲಿ ನೆಲೆಸಿ, ಕಾಲ್ನಡಿಗೆಯ ಅಳವಿನಲ್ಲಿರುವ ಹೊಳೆ, ದಂಡೆ, ಹೊಲ, ಊರುಗಳನ್ನು ಮತ್ತೆ ಮತ್ತೆ ನೋಡುವುದೇ ಇಂಥ ಕೇಂದ್ರಗಳ ಬಲ.

ಸೇರುವ ಮುನ್ನ ಸಂಘಟಕರಿಗೆ ಬರೆದು ಒಂದು ಸ್ಥಳದಲ್ಲಿ ಎಷ್ಟು ಹೊತ್ತು ಇರುತ್ತೀರಿ, ಎಷ್ಟು ಜನರಿಗೆ ಒಬ್ಬ ಮಾರ್ಗದರ್ಶಕರು, ಸಂಜೆಯ ಹೊತ್ತನ್ನು ಯಾವುದಕ್ಕೆ ಮೀಸಲಿಟ್ಟಿದ್ದೀರಿ ಎಂದು ಕೇಳಿ. ಸಂಜೆಯ ಬಗ್ಗೆ ನಾನು ವಿಶೇಷವಾಗಿ ಹೇಳುತ್ತೇನೆ, ಏಕೆಂದರೆ ಹಗಲು ಸಂಗ್ರಹಿಸಿದ ಅಂಕಿಗಳು ಅರ್ಥವಾಗುವುದು ಸಂಜೆ ಅವುಗಳನ್ನು ಗ್ರಾಫ್ ಹಾಳೆಯ ಮೇಲೆ ಇಟ್ಟಾಗ. ಮೂರು ಗುಂಪುಗಳು ಒಂದೇ ಹೊಳೆಯನ್ನು ಅಳೆದು ಮೂರು ಬೇರೆ ಬೇರೆ ಸಂಖ್ಯೆಗಳನ್ನು ತಂದಾಗ, ಯಾರದು ಸರಿ ಎಂಬ ಚರ್ಚೆಯಿಂದ ಕಲಿಯುವಷ್ಟನ್ನು ಯಾವ ಉಪನ್ಯಾಸವೂ ಕಲಿಸದು. ಸಂಜೆಯೆಲ್ಲ ಮನರಂಜನೆಗೆ ಮೀಸಲಾದ ಶಿಬಿರವಾದರೆ ಅದಕ್ಕೆ ಸೇರಬೇಡಿ.

ಬೇಸಿಗೆಗೆ ಒಂದು ಅನುಕೂಲ, ಒಂದು ಮಿತಿ ಇದೆ. ನೀರು ಇಳಿದಿರುವುದರಿಂದ ಹೊಳೆಯ ತಳ, ಮರಳ ದಿಬ್ಬ, ದಡದ ಪದರಗಳು ತೆರೆದುಕೊಂಡಿರುತ್ತವೆ. ಕಳೆದ ನೆರೆ ಬಂದ ಎತ್ತರವನ್ನು ಮರದ ಕೊಂಬೆಗಳಿಗೆ ಸಿಕ್ಕಿಕೊಂಡ ಕಸಕಡ್ಡಿಯೇ ತೋರಿಸುತ್ತದೆ. ಆದರೆ ಆ ದಿಬ್ಬಗಳನ್ನು ಕಟ್ಟಿದ ಹರಿವು ಆಗ ಅಲ್ಲಿರುವುದಿಲ್ಲ. ಬೇಸಿಗೆಯ ತೆಳು ನೀರನ್ನು ಅಳೆದು, ಈ ದೊಡ್ಡ ಕಲ್ಲುಗಳನ್ನು ಇದೇ ನೀರು ತಂದಿತೆಂದು ಬರೆದುಬಿಡುವುದು ಬಹಳ ಜನ ಮಾಡುವ ತಪ್ಪು.

ಪ್ರಶ್ನೆ: ಯಾವ ಉಪಕರಣಗಳು ಬೇಕು? ಈಗ ಮೊಬೈಲ್ ಫೋನಿನಲ್ಲೇ ಜಿಪಿಎಸ್, ದಿಕ್ಸೂಚಿ, ಇಳಿಜಾರು ಅಳೆಯುವ ಆ್ಯಪ್ ಎಲ್ಲವೂ ಇರುವಾಗ ಬೇರೆ ಸಾಮಾನು ಹೊರುವುದೇಕೆ?

ಉತ್ತರ: ಫೋನ್ ತೆಗೆದುಕೊಂಡು ಹೋಗಿ, ಆದರೆ ಅದನ್ನು ಎರಡನೆಯ ಸಾಕ್ಷಿಯಾಗಿ ಬಳಸಿ. ತೆರೆದ ಆಕಾಶದ ಕೆಳಗೆ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ನಿಮ್ಮ ಸ್ಥಾನವನ್ನು ತೋರಿಸುತ್ತದೆ. ಕಡಿದಾದ ಬಂಡೆಯ ಬುಡದಲ್ಲಿ, ದಟ್ಟ ಮರಗಳ ನಡುವೆ ಆ ಅಂತರ ಹೆಚ್ಚುತ್ತದೆ, ಎತ್ತರದ ಅಂಕಿಯಂತೂ ಇನ್ನೂ ಅಸ್ಥಿರ. ಅಯಸ್ಕಾಂತವಿರುವ ಕವಚ ಹಾಕಿದ ಫೋನಿನ ದಿಕ್ಸೂಚಿ ದಾರಿ ತಪ್ಪಿಸುತ್ತದೆ. ಇನ್ನೊಂದು ಕಡೆ, ಕಾಗದದ ನಕ್ಷೆಯೂ ಮಿತಿಯಿಲ್ಲದ್ದಲ್ಲ: 1:50,000 ಪ್ರಮಾಣದ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಪೆನ್ಸಿಲ್ ಗೆರೆ ನೆಲದ ಮೇಲೆ 25 ಮೀಟರ್ ಅಗಲವನ್ನು ಆವರಿಸುತ್ತದೆ. ಪ್ರತಿ ಅಳತೆಗೂ ತನ್ನದೇ ತಪ್ಪಿನ ಅಳತೆಯಿದೆ ಎಂಬುದನ್ನು ಶಿಕ್ಷಕರು ಕೈಯಾರೆ ಅನುಭವಿಸಲೆಂದೇ ಎರಡೂ ಇರಬೇಕು.

ಹೊರಲು ಹೆಚ್ಚೇನೂ ಇಲ್ಲ. ಗಟ್ಟಿ ರಟ್ಟಿನ ಟಿಪ್ಪಣಿ ಪುಸ್ತಕ, ಪೆನ್ಸಿಲ್, 30 ಮೀಟರಿನ ಟೇಪು, ಗುರುತು ಮಾಡಿದ ಕೋಲು, ಸೂಜಿಯ ದಿಕ್ಸೂಚಿ, ಕೈಮಸೂರ, ತಾಪಮಾಪಕ ಇಷ್ಟಿದ್ದರೆ ಬಹಳಷ್ಟು ಸಾಧ್ಯ. ಕೋನಮಾಪಕದ ನಡುವಿಗೆ ದಾರ ಕಟ್ಟಿ, ದಾರಕ್ಕೆ ಒಂದು ಭಾರ ತೂಗಿಬಿಟ್ಟರೆ ಇಳಿಜಾರು ಅಳೆಯುವ ಸಾಧನ ಸಿದ್ಧ. ಪೆನ್ಸಿಲ್ ಎಂದು ಒತ್ತಿ ಹೇಳುತ್ತಿದ್ದೇನೆ. ಮಳೆ ತಾಗಿದ ಶಾಯಿಯ ಪುಟದಲ್ಲಿ ಒಂದು ದಿನದ ಕೆಲಸವೇ ಕರಗಿಹೋಗುತ್ತದೆ.

ಸರಳ ಸಾಧನಗಳಿಂದ ಏನಾಗುತ್ತದೆಂಬುದಕ್ಕೆ ಹೊಳೆಯ ಹರಿವಿನ ಉದಾಹರಣೆ ಕೊಡುತ್ತೇನೆ. ನೇರವಾಗಿ ಹರಿಯುವ 10 ಮೀಟರ್ ಉದ್ದದ ಭಾಗವನ್ನು ಗುರುತಿಸಿ, ಅರ್ಧ ಮುಳುಗುವ ಒಂದು ತೇಲುವ ವಸ್ತುವನ್ನು ಬಿಡಿ. ಅದು 20 ಸೆಕೆಂಡುಗಳಲ್ಲಿ ದಾಟಿದರೆ ಮೇಲ್ಮೈಯ ವೇಗ ಸೆಕೆಂಡಿಗೆ 0.5 ಮೀಟರ್. ಹೊಳೆಯ ಅಗಲ 4 ಮೀಟರ್, ಹಲವು ಕಡೆ ಅಳೆದ ಆಳದ ಸರಾಸರಿ 0.3 ಮೀಟರ್ ಆದರೆ ಅಡ್ಡಕೊಯ್ತದ ವಿಸ್ತೀರ್ಣ 1.2 ಚದರ ಮೀಟರ್. ತಳ ಮತ್ತು ದಡಗಳ ಘರ್ಷಣೆಯಿಂದ ಒಳಗಿನ ನೀರು ಮೇಲಿನದಕ್ಕಿಂತ ನಿಧಾನವಾಗಿ ಸಾಗುವುದರಿಂದ ಮೇಲ್ಮೈ ವೇಗವನ್ನು ಸುಮಾರು 0.85ರಿಂದ ಗುಣಿಸಬೇಕು. ಹಾಗೆ ಮಾಡಿದರೆ ಸೆಕೆಂಡಿಗೆ ಸುಮಾರು 0.51 ಘನ ಮೀಟರ್, ಅಂದರೆ 510 ಲೀಟರ್ ನೀರು. ಒಮ್ಮೆ ಮಾತ್ರ ಬಿಡದೆ ದಡದ ಬಳಿ, ನಡುವೆ, ಆಚೆ ದಡದ ಬಳಿ ಹಲವು ಸಲ ಬಿಟ್ಟು ಸರಾಸರಿ ತೆಗೆಯಬೇಕು. ಅದೇ ಹೊಳೆಯ ತಿರುವಿಗೆ ಹೋಗಿ ಇದನ್ನೇ ಮಾಡಿದರೆ ಹೊರಬಾಗಿನಲ್ಲಿ ನೀರು ವೇಗವಾಗಿಯೂ ಆಳವಾಗಿಯೂ ಇರುವುದು, ಒಳಬಾಗಿನಲ್ಲಿ ಮರಳು ಕೂತಿರುವುದು ಅಂಕಿಗಳಲ್ಲೇ ಕಾಣುತ್ತದೆ.

ಇಷ್ಟಾದ ಮೇಲೆ ಪಠ್ಯಪುಸ್ತಕದ ವಾಕ್ಯಗಳ ಬಗ್ಗೆಯೂ ಪ್ರಶ್ನೆಗಳೇಳುತ್ತವೆ. ವೇಗ ಹೆಚ್ಚಿದಂತೆ ಹೆಚ್ಚು ದೊಡ್ಡ ಕಣಗಳು ಕದಲುತ್ತವೆ ಎಂದು ನಾವು ಕಲಿಸುತ್ತೇವೆ. ಆದರೆ ಮರಳು ಸುಲಭವಾಗಿ ಸರಿಯುವ ವೇಗದಲ್ಲಿ, ಅದಕ್ಕಿಂತ ಎಷ್ಟೋ ಸಣ್ಣ ಕಣಗಳ ಜೇಡಿಮಣ್ಣಿನ ದಡ ಅಲುಗದೆ ನಿಂತಿರುತ್ತದೆ. ಜೇಡಿಯ ಕಣಗಳು ಒಂದನ್ನೊಂದು ಅಂಟಿಕೊಂಡಿರುವುದರಿಂದ ಅವನ್ನು ಬಿಡಿಸಲು ಹೆಚ್ಚಿನ ವೇಗ ಬೇಕು. ಒಮ್ಮೆ ಬಿಡಿಸಿದರೆ ಬಹಳ ನಿಧಾನದ ನೀರೂ ಅವನ್ನು ಹೊತ್ತೊಯ್ಯುತ್ತದೆ. ಸ್ವೀಡನ್ನಿನ ಭೂಗೋಳಜ್ಞ ಫಿಲಿಪ್ ಯುಲ್‌ಸ್ಟ್ರೋಮ್ 1935ರಲ್ಲಿ ಇದನ್ನು ರೇಖಾಚಿತ್ರವಾಗಿ ತೋರಿಸಿದರು. ಆ ರೇಖಾಚಿತ್ರವನ್ನು ತರಗತಿಯಲ್ಲಿ ಬರೆದು ವಿವರಿಸುವಾಗ ಮಕ್ಕಳ ಮುಖದಲ್ಲಿ ಕಾಣದ ಬೆಳಕು, ದಡದ ಜೇಡಿಯನ್ನು ಬೆರಳಿನಿಂದ ಒತ್ತಿ ನೋಡಿದ ಶಿಕ್ಷಕರ ಮುಖದಲ್ಲಿ ಕಾಣುವುದನ್ನು ನಾನು ಬಲ್ಲೆ.

ಪ್ರಶ್ನೆ: ನನಗೆ ಐವತ್ತೆರಡು ವರ್ಷ, ಮಂಡಿನೋವಿದೆ. ಬಿಸಿಲಿನಲ್ಲಿ ದಿನವಿಡೀ ನಡೆಯಲಾರೆ. ಇಂಥ ಶಿಬಿರ ನನಗೆ ಆದೀತೇ?

ಉತ್ತರ: ಆಗುತ್ತದೆ, ಆದರೆ ನಿಮ್ಮ ಸ್ಥಿತಿಯನ್ನು ಮೊದಲೇ ಸಂಘಟಕರಿಗೆ ತಿಳಿಸಿ, ನಿಮ್ಮ ವೈದ್ಯರನ್ನೂ ಕೇಳಿ. ಒಂದೇ ಎತ್ತರದ ಜಾಗದಲ್ಲಿ ಕುಳಿತು ಕಣಿವೆಯ ರೇಖಾಚಿತ್ರ ಬರೆಯುವುದು, ತಾಸಿಗೊಮ್ಮೆ ತಾಪಮಾನ, ಗಾಳಿಯ ದಿಕ್ಕು ಮತ್ತು ಮೋಡಗಳನ್ನು ದಾಖಲಿಸುವುದು, ಊರಿನ ಹಿರಿಯರನ್ನು ಮಾತನಾಡಿಸಿ ನೆಲದ ಬಳಕೆ ಹೇಗೆ ಬದಲಾಯಿತೆಂದು ಬರೆದುಕೊಳ್ಳುವುದು ಕ್ಷೇತ್ರ ಅಧ್ಯಯನದ ಕಡಿಮೆ ದರ್ಜೆಯ ಕೆಲಸಗಳಲ್ಲ. ಬೆಟ್ಟದ ಬುಡದಲ್ಲಿ ನೀವು, ನೆತ್ತಿಯಲ್ಲಿ ಇನ್ನೊಬ್ಬರು ಅದೇ ಗಳಿಗೆಯಲ್ಲಿ ತಾಪಮಾನ ಓದಿದರೆ, ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆಂಬ ಪುಸ್ತಕದ ಮಾತು ಆ ದಿನ ಎಷ್ಟರಮಟ್ಟಿಗೆ ನಿಜವಾಯಿತೆಂದು ನೋಡಬಹುದು. ಬುಡದಲ್ಲಿ ಕುಳಿತವರಿಲ್ಲದೆ ಆ ಲೆಕ್ಕ ಸಾಧ್ಯವೇ ಇಲ್ಲ.

ಬಿಸಿಲಿನ ಹೊತ್ತಿನಲ್ಲಿ ನೆರಳಿಗೆ ಬರುವ ವೇಳಾಪಟ್ಟಿ ಎಲ್ಲ ವಯಸ್ಸಿನವರಿಗೂ ಅಗತ್ಯ. ಬೇಸಿಗೆಯ ಗುಡುಗುಮಳೆಯ ಬಗ್ಗೆಯೂ ಎಚ್ಚರವಿರಲಿ: ಮಿಂಚು ಕಂಡ 30 ಸೆಕೆಂಡುಗಳೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಎಂದರ್ಥ. ಕೂಡಲೇ ಬಯಲು, ದಿಣ್ಣೆ, ಒಂಟಿ ಮರಗಳನ್ನು ಬಿಟ್ಟು ಗಟ್ಟಿ ಕಟ್ಟಡ ಸೇರಬೇಕು. ಕೊನೆಯ ಗುಡುಗು ಕೇಳಿದ ಅರ್ಧ ಗಂಟೆಯ ನಂತರವೇ ಹೊರಬರಬೇಕು.

ಪ್ರಶ್ನೆ: ಶಿಬಿರದಿಂದ ಬಂದ ಮೇಲೆ ಉತ್ಸಾಹವೇನೋ ಇರುತ್ತದೆ. ಆದರೆ ನಮ್ಮ ಶಾಲೆಯಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ಯಲು ಅನುಮತಿಯೂ ಇಲ್ಲ, ಹಣವೂ ಇಲ್ಲ. ಕಲಿತದ್ದನ್ನು ಹೇಗೆ ಬಳಸಲಿ?

ಉತ್ತರ: ಈ ಪ್ರಶ್ನೆ ಅತಿ ಹೆಚ್ಚು ಪತ್ರಗಳಲ್ಲಿ ಬಂದಿದೆ. ಶಿಬಿರದಲ್ಲಿ ಕಂಡ ಸ್ಥಳವನ್ನು ಮಕ್ಕಳಿಗೆ ಫೋಟೋಗಳಲ್ಲಿ ತೋರಿಸಿದರೆ ಅವರ ಪಾಲಿಗೆ ಅದೂ ಪಠ್ಯಪುಸ್ತಕದ ಇನ್ನೊಂದು ಚಿತ್ರವಾಗುತ್ತದೆ. ನೀವು ತರಬೇಕಾದದ್ದು ನೋಡುವ ಕ್ರಮವನ್ನು. ಅದನ್ನು ಶಾಲೆಯ ಆವರಣದೊಳಗೇ ನಡೆಸಬಹುದು.

ಪ್ಯಾಟ್ರಿಕ್ ಗೆಡೆಸ್ ಎಂಬ ಸ್ಕಾಟಿಷ್ ಚಿಂತಕರು, ಮುಂದೆ 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು, ಎಡಿನ್‌ಬರೋ ನಗರದಲ್ಲಿ ಬೇಸಿಗೆ ಶಿಬಿರಗಳನ್ನು ನಡೆಸುತ್ತಿದ್ದರು. 1892ರಲ್ಲಿ ಅವರು ಅಲ್ಲಿನ ಒಂದು ಎತ್ತರದ ಕಟ್ಟಡವನ್ನು ಪಡೆದು ಔಟ್‌ಲುಕ್ ಟವರ್ ಎಂಬ ಭೂಗೋಳದ ಮನೆಯನ್ನಾಗಿ ಮಾಡಿದರು. ನೋಡುಗರು ಮೊದಲು ತುದಿಗೆ ಹತ್ತಿ ಕಣ್ಣೆದುರಿನ ನಗರವನ್ನು ನೋಡಬೇಕಿತ್ತು. ಆಮೇಲೆ ಒಂದೊಂದೇ ಅಂತಸ್ತು ಇಳಿದಂತೆ ಆ ನಗರ, ಆ ನಾಡು, ಯುರೋಪ್ ಎಂದು ಹಿಗ್ಗುತ್ತ ಕೆಳಗೆ ಬಂದಾಗ ಜಗತ್ತು ಸಿಗುತ್ತಿತ್ತು. ನಮ್ಮ ಪಠ್ಯಕ್ರಮಗಳು ಎಷ್ಟೋ ಸಲ ಸೌರವ್ಯೂಹದಿಂದ ಶುರುವಾಗಿ ಮಗುವಿನ ಊರನ್ನು ಮುಟ್ಟುವ ಮೊದಲೇ ಮುಗಿದುಹೋಗುತ್ತವೆ. ನಿಮ್ಮ ಶಾಲೆಗೆ ಸುರಕ್ಷಿತವಾದ ಮಾಳಿಗೆಯೋ ಮೇಲಂತಸ್ತಿನ ಕಿಟಕಿಯೋ ಇದ್ದರೆ ಮೊದಲ ಪಾಠ ಅಲ್ಲಿಂದ ಆಗಲಿ: ನೀರು ಯಾವ ಕಡೆ ಹರಿಯುತ್ತದೆ, ಹಳೆಯ ಕಟ್ಟಡಗಳು ಎಲ್ಲಿ ಗುಂಪಾಗಿವೆ, ಮರಗಳ ಸಾಲು ಏನನ್ನು ಹಿಂಬಾಲಿಸುತ್ತದೆ ಎಂದು ಮಕ್ಕಳೇ ಚಿತ್ರ ಬರೆಯಲಿ.

ಸೂರಿನ ನೀರು ಬೀಳುವ ಜಾಗದಲ್ಲಿ ಪುಟ್ಟ ಕಲ್ಲುಗಳು ಮಣ್ಣಿನ ಗಿಡ್ಡ ಕಂಬಗಳ ಮೇಲೆ ನಿಂತಿರುತ್ತವೆ. ಕಲ್ಲಿನ ಮರೆಯಿದ್ದ ಮಣ್ಣು ಉಳಿದು, ಸುತ್ತಲಿನದು ಹನಿಗಳ ಹೊಡೆತಕ್ಕೆ ಚಿಮ್ಮಿಹೋಗಿರುತ್ತದೆ. ಆ ಕಂಬದ ಎತ್ತರವನ್ನು ಅಳೆದರೆ ಎಷ್ಟು ಮಣ್ಣು ಹೋಯಿತೆಂದು ಮಗು ತಾನೇ ಹೇಳುತ್ತದೆ. ಹಳೆಯ ಮೆಟ್ಟಿಲಿನ ನಡುವಣ ತಗ್ಗು, ಗೋಡೆಯ ಬುಡದಲ್ಲಿ ಪುಡಿಯಾಗುವ ಕಲ್ಲು, ಆಟದ ಬಯಲಿನ ಮೂಲೆಯಲ್ಲಿ ಮಳೆನೀರು ಹರಡಿದ ಬೀಸಣಿಗೆಯಾಕಾರದ ಮರಳು, ಇವೆಲ್ಲವೂ ದೊಡ್ಡ ಭೂರೂಪಗಳ ಕೆಲಸವನ್ನೇ ಸಣ್ಣ ಅಳತೆಯಲ್ಲಿ ಮಾಡುತ್ತಿವೆ.

ಶಿಬಿರದಲ್ಲಿ ಪರಿಚಯವಾದ ಶಿಕ್ಷಕರೊಂದಿಗೆ ಸೇರಿ ಮಾಡುವ ಒಂದು ಕೆಲಸವನ್ನು ನಾನು ಬಹಳ ಮೆಚ್ಚುತ್ತೇನೆ. ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲೆ, ಉತ್ತರ ದಕ್ಷಿಣವಾಗಿ ದೂರವಿರುವ ಎರಡು ಶಾಲೆಗಳು ಒಂದೇ ದಿನ, ನೆರಳು ಅತಿ ಗಿಡ್ಡವಾಗುವ ಗಳಿಗೆಯಲ್ಲಿ, 1 ಮೀಟರ್ ಕೋಲಿನ ನೆರಳನ್ನು ಅಳೆಯಬೇಕು. ನೆರಳಿನ ಉದ್ದದಿಂದ ಸೂರ್ಯನು ನೆತ್ತಿಯಿಂದ ಎಷ್ಟು ಕೋನ ವಾಲಿದ್ದಾನೆಂದು ತಿಳಿಯುತ್ತದೆ, ನೆರಳು 57.7 ಸೆಂಟಿಮೀಟರ್ ಇದ್ದರೆ ಕೋನ 30 ಡಿಗ್ರಿ. ಎರಡೂ ಕಡೆ ಸೂರ್ಯ ನೆತ್ತಿಯ ಒಂದೇ ಪಕ್ಕದಲ್ಲಿದ್ದು, ಕೋನಗಳ ವ್ಯತ್ಯಾಸ 3 ಡಿಗ್ರಿ, ಶಾಲೆಗಳ ಉತ್ತರ ದಕ್ಷಿಣ ದೂರ 333 ಕಿಲೋಮೀಟರ್ ಎಂದಿಟ್ಟುಕೊಂಡರೆ, 360 ಡಿಗ್ರಿಗೆ ಸುಮಾರು 40,000 ಕಿಲೋಮೀಟರ್ ಆಗುತ್ತದೆ. ಪ್ರಾಚೀನ ಗ್ರೀಕ್ ವಿದ್ವಾಂಸ ಎರಟಾಸ್ತನೀಸ್ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ 7.2 ಡಿಗ್ರಿಯ ವ್ಯತ್ಯಾಸದಿಂದ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ್ದು ಇದೇ ದಾರಿಯಲ್ಲಿ. ಮಕ್ಕಳ ಉತ್ತರ 36,000 ಬರಲಿ, 45,000 ಬರಲಿ, ಅಡ್ಡಿಯಿಲ್ಲ. ತಪ್ಪು ಎಲ್ಲಿ ನುಸುಳಿತೆಂದು ಎರಡೂ ಶಾಲೆಗಳು ಪತ್ರ ಬರೆದುಕೊಳ್ಳಲಿ.

ಮಕ್ಕಳು ದಾಖಲಿಸಿದ್ದು ಆಟವಷ್ಟೇ ಎಂದು ನಿಮ್ಮ ಶಾಲೆಯ ಹಿರಿಯರು ಹೇಳಿದರೆ ಬ್ರಿಟನ್ನಿನ ಭೂಬಳಕೆ ಸಮೀಕ್ಷೆಯ ಸಂಗತಿಯನ್ನು ತಿಳಿಸಿ. ಭೂಗೋಳಜ್ಞ ಡಡ್ಲಿ ಸ್ಟ್ಯಾಂಪ್ 1930ರ ದಶಕದಲ್ಲಿ ಇಡೀ ದೇಶದ ನೆಲ ಹೇಗೆ ಬಳಕೆಯಾಗುತ್ತಿದೆ ಎಂದು ಹೊಲಹೊಲವನ್ನೂ ಗುರುತಿಸಲು ಹೊರಟಾಗ, ಮೈಲಿಗೆ ಆರು ಅಂಗುಲ ಪ್ರಮಾಣದ ನಕ್ಷೆಗಳನ್ನು ಹಿಡಿದು ನಡೆದು ತುಂಬಿದವರಲ್ಲಿ ಬಹುಪಾಲು ಶಾಲಾ ಮಕ್ಕಳು ಮತ್ತು ಅವರ ಶಿಕ್ಷಕರು. ಕಾಡು, ಹುಲ್ಲುಗಾವಲು, ಉಳುಮೆಯ ನೆಲ, ಪಾಳು, ತೋಟ ಎಂದು ಅವರು ಬಣ್ಣ ತುಂಬಿದ ಹಾಳೆಗಳು ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಹಾರ ಬೆಳೆಯುವ ಯೋಜನೆಗೆ ಆಧಾರವಾದವು. ನಿಮ್ಮ ಶಾಲೆಯ ಸುತ್ತಲ ಅರ್ಧ ಕಿಲೋಮೀಟರಿನ ಇಂಥದೇ ನಕ್ಷೆಯನ್ನು ಮಕ್ಕಳು ಶಾಲೆಗೆ ಬರುವ ಹೋಗುವ ದಾರಿಯಲ್ಲೇ ತಯಾರಿಸಬಹುದು. ಅದಕ್ಕೆ ಪ್ರತ್ಯೇಕ ಅನುಮತಿ ಬೇಕಾಗಲಾರದು. ಹಾಳೆಯ ಮೂಲೆಯಲ್ಲಿ ದಿನಾಂಕ, ಪ್ರಮಾಣ, ಉತ್ತರ ದಿಕ್ಕಿನ ಗುರುತು, ಬರೆದ ತರಗತಿ ಇವಿಷ್ಟನ್ನು ಮರೆಯದೆ ಹಾಕಿಸಿ, ಮುಂದಿನ ವರ್ಷದ ತರಗತಿಗಾಗಿ ಅದನ್ನು ತೆಗೆದಿರಿಸಿ.